ಮಿರಜದ ಸಿತಾರ, ಧಾರವಾಡದ ತಂತಿ

ಹುಬ್ಬಳ್ಳಿ-ಧಾರವಾಡದ ಸಂಗೀತವನ್ನು ಕುರಿತ ಬರವಣಿಗೆಯಲ್ಲಿ ಬಹುಪಾಲು ಗಾಯಕರ ಚರಿತ್ರೆಯಾಗಿದ್ದು, ಗುರು ಯಾರು, ಘರಾಣೆ ಯಾವುದು, ಯಾವ ಸಭೆಯಲ್ಲಿ ಯಾವ ರಾಗ ಕಳೆಗಟ್ಟಿತು ಎಂಬ ವಿವರಗಳು ಅದರಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಅದೇ ಗಾಯಕರ ಬೆನ್ನ ಹಿಂದೆ ನಾದ ತುಂಬುತ್ತಿದ್ದ ತಂಬೂರಿ ಎಲ್ಲಿ ತಯಾರಾಯಿತು, ಅದನ್ನು ಆರಿಸುವಾಗ ಏನನ್ನು ನೋಡುತ್ತಿದ್ದರು, ಕೊಂಡು ತಂದ ಮೇಲೆ ಅದರಲ್ಲಿ ಏನೇನು ತಿದ್ದಿಸುತ್ತಿದ್ದರು ಎಂದು ಕೇಳಿದವರು ಕಡಿಮೆ. ವಾದ್ಯದ ಚರಿತ್ರೆ ಎಂದರೆ ಕಸುಬುದಾರರ ಚರಿತ್ರೆ. ಕಸುಬುದಾರರು ಆತ್ಮಕಥೆ ಬರೆಯುವುದಿಲ್ಲವಾದ್ದರಿಂದ ಈ ಕೊರತೆ ಸಹಜವೇ ಇರಬಹುದು. ಆದರೂ ಈ ಅವಳಿ ನಗರಕ್ಕೆ ಈ ಪ್ರಶ್ನೆ ಬೇರೆಡೆಗಿಂತ ಹೆಚ್ಚು ಸಲ್ಲುತ್ತದೆ. ಇಲ್ಲಿ ನೆಲೆಸಿದ ಒಬ್ಬ ಸಿತಾರವಾದಕರು ವಾದ್ಯದ ತಂತಿಗಳ ಏರ್ಪಾಡನ್ನೇ ಬದಲಿಸಿದ್ದು ಮಾತ್ರ ಇದಕ್ಕೆ ಕಾರಣವೆನ್ನುವಂತಿಲ್ಲ. ಅಂಗಡಿಯಿಂದ ಬಂದ ವಾದ್ಯ ಇನ್ನೂ ಅರ್ಧ ಸಿದ್ಧವಾದದ್ದು, ಉಳಿದರ್ಧ ನುಡಿಸುವವರ ಕಿವಿ ಮತ್ತು ರಿಪೇರಿಗಾರರ ಅರ ಸೇರಿ ಆಗಬೇಕಾದದ್ದು ಎಂಬ ತಿಳಿವಳಿಕೆ ಇಲ್ಲಿನ ಸಂಗೀತಗಾರರಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ನಡೆದುಬಂದಿದೆ.

ಧಾರವಾಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿದ್ದ ಜಿಲ್ಲೆ. ಮೈಸೂರಿನ ಅರಮನೆಗೆ ಆಮಂತ್ರಣ ಪಡೆದು ದಕ್ಷಿಣಕ್ಕೆ ಹೊರಟ ಉತ್ತರದ ಉಸ್ತಾದರಿಗೆ ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಇವು ದಾರಿಯ ಮೇಲಿನ ಊರುಗಳಾಗಿದ್ದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ತನ್ನ ಕಾರ್ಯಾಗಾರದ ಊರಾಗಿ ಮಾಡಿಕೊಂಡ ಮೇಲೆ, ಮುಂದೆ ಪುಣೆಯ ಕಡೆಗೂ ಹಳಿ ಕೂಡಿದ ಮೇಲೆ, ಈ ದಾರಿ ಇನ್ನಷ್ಟು ಹತ್ತಿರವಾಯಿತು. ಭಾಸ್ಕರಬುವಾ ಬಖಲೆ ಕೆಲವು ವರ್ಷ ಧಾರವಾಡದಲ್ಲೇ ಸಂಗೀತ ಶಿಕ್ಷಕರಾಗಿದ್ದರು. ಅಬ್ದುಲ್ ಕರೀಂ ಖಾನರು (1872–1937) ಮಿರಜದಲ್ಲಿ ನೆಲೆ ಊರಿಕೊಂಡು ಈ ಸೀಮೆಯಲ್ಲೆಲ್ಲ ಓಡಾಡಿದರು. ಅವರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ಗ್ವಾಲಿಯರ್ ಪದ್ಧತಿಯ ಗಾಯನ ಕಲಿತದ್ದು ಮಿರಜದ ನೀಲಕಂಠಬುವಾ ಅಲೂರಮಠರ ಬಳಿ. ಹೀಗೆ ವಿದ್ಯೆಗಾಗಿ ಹೋಗಿ ಬರುತ್ತಿದ್ದ ಊರೇ ವಾದ್ಯಕ್ಕೂ ಊರಾಗಿದ್ದರಿಂದ, ಧಾರವಾಡದ ವಿದ್ಯಾರ್ಥಿಗೆ ಎರಡೂ ಒಂದೇ ಪ್ರಯಾಣದಲ್ಲಿ ಒದಗುತ್ತಿದ್ದವು.

ಮಿರಜದಲ್ಲಿ ತಂತಿವಾದ್ಯದ ಕಸುಬು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಅದನ್ನು ಕೈಗೆತ್ತಿಕೊಂಡವರು ಶಿಕಲಗಾರರು, ಅಂದರೆ ಕತ್ತಿ-ಕಠಾರಿಗಳನ್ನು ಮಾಡಿ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದ ಮನೆತನದವರು. ಮರಾಠಾ ಆಳ್ವಿಕೆ ಕೊನೆಗೊಂಡು ಸಂಸ್ಥಾನಗಳ ಸೈನ್ಯ ಕರಗಿದ ಮೇಲೆ ಆಯುಧಕ್ಕೆ ಗಿರಾಕಿ ಇಲ್ಲವಾಯಿತು. ಮಿರಜವನ್ನು ಆಳುತ್ತಿದ್ದ ಪಟವರ್ಧನ ಸಂಸ್ಥಾನಿಕರ ಆಸರೆಗೆ ಬರುತ್ತಿದ್ದ ಗವಾಯಿಗಳ ವಾದ್ಯಗಳು ಮುರಿದಾಗ ಸರಿಪಡಿಸಿಕೊಡುವ ಕೈ ಬೇಕಾಯಿತು. ಹಾಗೆ ದುರಸ್ತಿಯಿಂದ ಆರಂಭಿಸಿ ಕ್ರಮೇಣ ಹೊಸ ವಾದ್ಯ ಮಾಡುವ ಮಟ್ಟಕ್ಕೆ ಬೆಳೆದವರೆಂದು ಫರೀದಸಾಹೇಬರನ್ನು ಊರು ನೆನೆಯುತ್ತದೆ, ಅವರ ವಂಶದವರು ಸಿತಾರಮೇಕರ್ ಎಂಬ ಅಡ್ಡಹೆಸರಿನಿಂದಲೇ ಗುರುತಾದರು. ಈ ಕಸುಬಿನ ಮೂಲ ದುರಸ್ತಿಯಲ್ಲಿದೆ ಎಂಬುದು ಗಮನಿಸತಕ್ಕ ಸಂಗತಿ. ಲೋಹಕ್ಕೆ ಅರ ಹಾಕಿ, ಕೂದಲೆಳೆಯಷ್ಟು ಕೆತ್ತಿ, ಕಣ್ಣಳತೆಯಲ್ಲೇ ಸಮ ಮಾಡುವ ಹದ ಕತ್ತಿಯ ಕೆಲಸದಿಂದ ಬಂದದ್ದಾಗಿದ್ದು, ಮುಂದೆ ವಿವರಿಸಲಿರುವ ಜವಾರಿಯ ಕೆಲಸಕ್ಕೆ ಬೇಕಾದದ್ದೂ ಅದೇ ಹದ. ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ತಂಬೂರಿಯ ಬುಡದ ಬುರುಡೆ ಬರುವುದು ಭೀಮಾ ನದಿಯ ದಂಡೆಯ ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಿಂದ. ತಿನ್ನಲು ಬಾರದ ಕಹಿ ಜಾತಿಯ ಕಾಯಿ ಅದು. ಬಲಿತ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಬಾಯಿ ಕೊಯ್ದು ತಿರುಳು ತೆಗೆದು, ನೀರಿನಲ್ಲಿ ನೆನೆಸಿ ಮೆತ್ತಗಾದಾಗ ಒಳಗೆ ಕಡ್ಡಿಗಳನ್ನು ಅಡ್ಡ ಕೊಟ್ಟು ಬೇಕಾದ ದುಂಡಿಗೆ ತಂದು ಮತ್ತೆ ಒಣಗಿಸುತ್ತಾರೆ. ದಾಂಡಿ, ಅಂದರೆ ಉದ್ದನೆಯ ಕತ್ತು, ಮತ್ತು ತಬಲಿ, ಅಂದರೆ ಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆ, ಎರಡೂ ತುಣ್ ಮರದವು. ಹಗುರವಾಗಿದ್ದೂ ಬಿಗಿತ ತಡೆಯುವ ಮರವಾದ್ದರಿಂದ ಅದಕ್ಕೆ ಬೆಲೆ. ಹಿಂದೆ ದಂತದಿಂದ ಮಾಡುತ್ತಿದ್ದ ಅಂಚುಗಳು ಕಾಲಕ್ರಮದಲ್ಲಿ ಸೆಲ್ಯುಲಾಯ್ಡಿಗೆ ತಿರುಗಿದವು, ಅರಗಿನ ಮೆರುಗು ಬಹಳ ಕಾಲ ಉಳಿಯಿತು. ಹೂಬಳ್ಳಿಯ ಕೆತ್ತನೆ, ಬಿಳಿ ಪಟ್ಟಿ, ಬುರುಡೆಯ ಮೇಲಿನ ಎಲೆಯ ಅಲಂಕಾರ ಇವೆಲ್ಲ ಬೆಲೆಯನ್ನು ಏರಿಸುತ್ತವೆಯೇ ಹೊರತು ನಾದವನ್ನಲ್ಲ. ಕೈಯಲ್ಲಿ ಕಾಸು ಕಡಿಮೆ ಇದ್ದ ವಿದ್ಯಾರ್ಥಿಗೆ ಬೋಳು ವಾದ್ಯವೇ ಒಳ್ಳೆಯ ಆಯ್ಕೆಯಾಗಿದ್ದು, ಬುರುಡೆ ಬಿರುಕಿಲ್ಲದೆ ದುಂಡಗಿದೆಯೇ, ಮರ ಪೂರಾ ಒಣಗಿದೆಯೇ, ದಾಂಡಿ ಬಾಗಿಲ್ಲವೇ, ಬಿರಡೆಗಳು ಹಿಡಿದು ನಿಲ್ಲುತ್ತವೆಯೇ ಎಂಬಿಷ್ಟನ್ನು ನೋಡಿ ಕೊಂಡರೆ ಉಳಿದದ್ದನ್ನು ಮುಂದೆ ತಿದ್ದಿಸಿಕೊಳ್ಳಬಹುದಿತ್ತು. ಬಾಗಿದ ದಾಂಡಿಯನ್ನು ಮಾತ್ರ ಯಾವ ಕುಶಲಿಯೂ ಪೂರ್ತಿಯಾಗಿ ನೆಟ್ಟಗೆ ಮಾಡಲಾರ.

ಬೋಳು ತಂಬೂರಿಗಿಂತಲೂ ಅಗ್ಗದ ದಾರಿ ಇದೇ ಸೀಮೆಯಲ್ಲಿತ್ತು. ತತ್ವಪದ ಹಾಡುವವರ ಏಕತಾರಿ, ಸವದತ್ತಿ ಎಲ್ಲಮ್ಮನ ಜೋಗತಿಯರ ಚೌಡಿಕೆ ಇವುಗಳಿಗೆ ಮಿರಜದ ಹಂಗಿರಲಿಲ್ಲ. ಶಿಶುನಾಳ ಷರೀಫರು (1819–1889) ತತ್ವಪದವೊಂದರಲ್ಲಿ ತಂಬೂರಿಯನ್ನೇ ವಸ್ತುವಾಗಿಸಿಕೊಂಡದ್ದು ಆ ವಾದ್ಯ ಹಳ್ಳಿಯ ಜನಕ್ಕೆ ಎಷ್ಟು ಪರಿಚಿತವಾಗಿತ್ತು ಎಂಬುದಕ್ಕೆ ಸಾಕ್ಷಿ.

ತಂಬೂರಿಯ ಅಳತೆಯನ್ನು ತೀರ್ಮಾನಿಸುವುದು ಹಾಡುವವರ ಶ್ರುತಿ. ಶ್ರುತಿಯನ್ನು ಹೆಸರಿಸುವ ರೂಢಿ ಬಂದದ್ದು ಹಾರ್ಮೋನಿಯಮ್ಮಿನಿಂದ, ಅಂದರೆ ಈ ಭಾಗದವರು ಪೇಟಿ ಎನ್ನುವ ವಾದ್ಯದಿಂದ. ಅದರ ಮನೆಗಳ ಬಣ್ಣವನ್ನೂ ಎಣಿಕೆಯನ್ನೂ ಹಿಡಿದು ಕಪ್ಪು ಒಂದು, ಬಿಳಿ ನಾಲ್ಕು ಎನ್ನುತ್ತಾರೆ. ಶಾಸ್ತ್ರೀಯ ಸಂಗೀತಕ್ಕೆ ಒಗ್ಗದ ಪರದೇಶಿ ವಾದ್ಯವೆಂದು ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಿಂದ 1971ರವರೆಗೆ ದೂರವಿಟ್ಟಿತ್ತು, ಆದರೆ ಆ ಕಾಲದಲ್ಲೂ ತಂಬೂರಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಹೇಳುತ್ತಿದ್ದುದು ಹಾರ್ಮೋನಿಯಮ್ಮಿನ ಮನೆಯ ಹೆಸರನ್ನೇ ಎಂಬುದು ಸ್ವಲ್ಪ ತಮಾಷೆಯಾಗಿಯೇ ಇದೆ. ಕೆಳಗಿನ ಶ್ರುತಿಗೆ ಉದ್ದ ದಾಂಡಿ, ದೊಡ್ಡ ಬುರುಡೆ. ಮೇಲಿನ ಶ್ರುತಿಗೆ ಚಿಕ್ಕದು. ಅಂಗಡಿಯವರು ಇವನ್ನು ಗಂಡಸರ ತಂಬೂರಿ, ಹೆಂಗಸರ ತಂಬೂರಿ ಎಂದು ವಿಂಗಡಿಸುವುದುಂಟು. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡುಸಾಗಿ ಕೆಳಗಿಳಿದ ಗಂಗೂಬಾಯಿ ಹಾನಗಲ್ಲರಂಥವರನ್ನು ಕೇಳಿದ ಊರಿನಲ್ಲಿ ಆ ವಿಂಗಡಣೆಗೆ ಹೆಚ್ಚು ಅರ್ಥವಿಲ್ಲ.

ವಾದ್ಯ ಮನೆಗೆ ಬಂದ ಮೇಲಿನ ಕೆಲಸಗಳಲ್ಲಿ ಜವಾರಿಯದೇ ಮೊದಲ ಸ್ಥಾನ. ತಬಲಿಯ ಮೇಲೆ ಕೂಡಿಸಿದ, ತಂತಿಗಳು ಹಾಯ್ದುಹೋಗುವ ಅಗಲ ಪಟ್ಟಿಗೆ ಕುದುರೆ ಎಂದು ಹೆಸರು. ಪಿಟೀಲಿನ ಕುದುರೆ ಕತ್ತಿಯ ಅಂಚಿನಂತೆ ತೆಳುವಾಗಿದ್ದರೆ, ತಂಬೂರಿ-ಸಿತಾರಗಳ ಕುದುರೆಯ ಮೇಲ್ಮೈ ಮೇಜಿನಂತೆ ಅಗಲವಾಗಿದ್ದು ಮುಂಭಾಗಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿರುತ್ತದೆ. ಮೀಟಿದ ತಂತಿ ಈ ಇಳಿಜಾರನ್ನು ಸವರುತ್ತ ಕಂಪಿಸುವುದರಿಂದ ಅದರ ಕಂಪಿಸುವ ಉದ್ದ ಪ್ರತಿ ಹೊಯ್ದಾಟದಲ್ಲೂ ಕೊಂಚ ಕೊಂಚ ಬದಲಾಗಿ, ಮೂಲ ಸ್ವರದ ಮೇಲಿನ ಉಪಸ್ವರಗಳು ಒಂದೊಂದಾಗಿ ಎದ್ದು ಝೇಂಕಾರ ಹುಟ್ಟುತ್ತದೆ. ಆ ಇಳಿಜಾರನ್ನು ಹದಕ್ಕೆ ತರುವುದನ್ನು ಜವಾರಿ ತೆಗೆಯುವುದು ಎನ್ನುತ್ತಾರೆ. ಕುಶಲಿ ಸಣ್ಣ ಅರದಿಂದ ಎರಡು ಎಳೆ ಎಳೆದು, ಧೂಳನ್ನು ಬಟ್ಟೆಯಿಂದ ಒರೆಸಿ, ತಂತಿ ಏರಿಸಿ ಮೀಟಿ, ತಲೆ ವಾಲಿಸಿ ಕೇಳಿ, ಮತ್ತೆ ತಂತಿ ಸಡಿಲಿಸಿ ಅರ ಹಿಡಿಯುತ್ತಾನೆ. ಹೆಚ್ಚು ಕೆತ್ತಿದರೆ ನಾದ ಒಣಗಿ ಕಿರುಗುಟ್ಟುತ್ತದೆ, ಕಡಿಮೆಯಾದರೆ ಮುಚ್ಚಿಕೊಂಡು ಮಂಕಾಗುತ್ತದೆ, ಕೆತ್ತಿದ್ದನ್ನು ಮರಳಿ ತುಂಬಲು ಬರುವುದಿಲ್ಲ. ತಂಬೂರಿಗಾದರೆ ತಂತಿಗೂ ಕುದುರೆಗೂ ನಡುವೆ ಹತ್ತಿಯ ಇಲ್ಲವೆ ರೇಷ್ಮೆಯ ಎಳೆಯೊಂದನ್ನು ತೂರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದವನ್ನು ತೆರೆಯುತ್ತಾರೆ, ಅದಕ್ಕೆ ಜೀವಾ ಎಂದು ಹೆಸರು. ಕಾಸು ಖರ್ಚಿಲ್ಲದೆ ವಾದ್ಯವನ್ನು ಮೇಲ್ದರ್ಜೆಗೆ ಏರಿಸುವ ಸಾಧನ ಇದಕ್ಕಿಂತ ಬೇರೆ ಇರಲಾರದು.

ಸಿತಾರದಲ್ಲಿ ಈ ಕೆಲಸ ಒಮ್ಮೆಗೆ ಮುಗಿಯುವುದಿಲ್ಲ. ಮೀಂಡ್ ತೆಗೆಯುವಾಗ, ಅಂದರೆ ತಂತಿಯನ್ನು ಪರದೆಯ (ದಾಂಡಿಯ ಮೇಲಿನ ಲೋಹದ ಅಡ್ಡಪಟ್ಟಿಯ) ಮೇಲೆ ಅಡ್ಡಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ, ಉಕ್ಕಿನ ತಂತಿ ಕುದುರೆಯನ್ನು ಉಜ್ಜಿ ಗೀರು ಮಾಡುವುದರಿಂದ, ದಿನವೂ ರಿಯಾಜ್ ಮಾಡುವವರು ಕೆಲವು ತಿಂಗಳಿಗೊಮ್ಮೆಯಾದರೂ ಜವಾರಿ ತೆಗೆಸಬೇಕಾಗುತ್ತದೆ. ಹಿಂದೆ ಸಾರಂಗದ ಕೊಂಬಿನಿಂದ ಮಾಡುತ್ತಿದ್ದ ಕುದುರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರದ ವರ್ಷಗಳಲ್ಲಿ ಒಂಟೆಯ ಎಲುಬಿಗೂ ಕರಿಮರಕ್ಕೂ ಕೃತಕ ವಸ್ತುಗಳಿಗೂ ಸರಿಯಿತು, ಒಂದೊಂದರ ನಾದವೂ ಬೇರೆ, ಸವೆತವೂ ಬೇರೆ. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದ ಮಳೆಗಾಲ ಇದರ ಮೇಲೆ ಇನ್ನೊಂದು ತೊಂದರೆ. ತೇವ ಕುಡಿದ ಮರ ಉಬ್ಬಿ ಬಿರಡೆಗಳು ಕಚ್ಚಿಕೊಳ್ಳುತ್ತವೆ, ಬೇಸಿಗೆಯಲ್ಲಿ ಒಣಗಿ ಜಾರುತ್ತವೆ, ಬಿರಡೆಗೆ ಸೀಮೆಸುಣ್ಣ ಬಳಿಯುವುದು ಅದಕ್ಕೆ ಮನೆಮದ್ದು.

ವಾದ್ಯವನ್ನು ಹೀಗೆ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಒಂದು ಮಾತು, ಅದರ ಸ್ವರೂಪವನ್ನೇ ಬದಲಿಸುವುದು ಇನ್ನೊಂದು. ಎರಡನೆಯದಕ್ಕೆ ಧಾರವಾಡದಲ್ಲಿ ದೊರೆಯುವ ದೊಡ್ಡ ನಿದರ್ಶನ ಸಿತಾರರತ್ನ ರಹಿಮತ್ ಖಾನರದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಧಾರವಾಡಕ್ಕೆ ಬಂದು ನೆಲೆಸಿ, ಭಾರತೀಯ ಸಂಗೀತ ವಿದ್ಯಾಲಯವನ್ನು ಕಟ್ಟಿ, 1954ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದ ಅವರು, ಕಿರಾಣಾ ಘರಾಣೆಯ ಬಂದೆ ಅಲಿ ಖಾನರ ಶಿಷ್ಯರು. ಬಂದೆ ಅಲಿ ಖಾನರು ನುಡಿಸುತ್ತಿದ್ದುದು ಬೀನು, ಅಂದರೆ ರುದ್ರವೀಣೆ. ಅದು ಮಂದ್ರದಲ್ಲಿ ಬಹಳ ಹೊತ್ತು ನಿಂತು ನಿಧಾನಕ್ಕೆ ಆಲಾಪ ಬೆಳೆಸುವ ವಾದ್ಯವಾದರೆ, ಹತ್ತೊಂಬತ್ತನೆಯ ಶತಮಾನದ ಸಿತಾರಕ್ಕೆ ಅಷ್ಟು ಕೆಳಗಿಳಿಯುವ ತಂತಿಯೇ ಇರಲಿಲ್ಲ. ಆಲಾಪಕ್ಕೆ ಸುರಬಹಾರ್ ಎಂಬ ದೊಡ್ಡ ಸಿತಾರವನ್ನು ಹಿಡಿದು, ಅದನ್ನು ಕೆಳಗಿಟ್ಟು ಗತ್ತಿಗೆ, ಅಂದರೆ ತಾಳಕ್ಕೆ ಕಟ್ಟಿದ ರಚನೆಗೆ, ಚಿಕ್ಕ ಸಿತಾರವನ್ನು ಎತ್ತಿಕೊಳ್ಳುವ ಪದ್ಧತಿ ಇತ್ತು. ಬೀನಕಾರರಿಂದ ಕಲಿತ ಕಿವಿಗೆ ಸಿತಾರದ ಈ ಕೊರತೆ ಎದ್ದು ಕಂಡಿದ್ದರೆ ಆಶ್ಚರ್ಯವಿಲ್ಲ. ಮಂದ್ರ ಮತ್ತು ಅತಿಮಂದ್ರ ಸಪ್ತಕಗಳ ತಂತಿಗಳನ್ನು ಸೇರಿಸಿ ಏಳು ತಂತಿಗಳ ಏರ್ಪಾಡನ್ನು ಸಿತಾರಕ್ಕೆ ತಂದ ಹೆಗ್ಗಳಿಕೆಯನ್ನು ಧಾರವಾಡದ ಪರಂಪರೆ ಅವರಿಗೆ ಸಲ್ಲಿಸುತ್ತದೆ.

ಏರ್ಪಾಡು ಹೀಗಿದೆ: ರಾಗವನ್ನು ಮುಖ್ಯವಾಗಿ ನುಡಿಸುವ ಬಾಜ್ ತಂತಿ ಉಕ್ಕಿನದು, ದಪ್ಪ ಸುಮಾರು 0.3 ಮಿಲಿಮೀಟರ್, ಮಧ್ಯಮಕ್ಕೆ ಶ್ರುತಿ; ಅದರ ಪಕ್ಕದ ಜೋಡ್ ಷಡ್ಜಕ್ಕೆ, ಹೆಸರೇ ಹೇಳುವಂತೆ ಹಿಂದೆ ಇದು ಎರಡು ತಂತಿಗಳ ಜೊತೆಯಾಗಿತ್ತು; ನಂತರ ಜೋಡಿಗಿಂತ ಕೆಳಗಿನ ಪಂಚಮ; ಅದಕ್ಕೂ ಕೆಳಗೆ ಖರಜ್, ಅಂದರೆ ಜೋಡಿನ ಷಡ್ಜಕ್ಕಿಂತ ಒಂದು ಸಪ್ತಕ ಕೆಳಗಿನ ಷಡ್ಜ; ಉಳಿದವು ಲಯಕ್ಕೆ ತುಂಬು ಕೊಡುವ ಮೇಲಿನ ತಂತಿಗಳು, ಕೊನೆಯ ಎರಡಕ್ಕೆ ಚಿಕಾರಿ ಎಂದು ಹೆಸರು. ಪರದೆಗಳ ಅಡಿಯಲ್ಲಿ ಹಾಯುವ ಹನ್ನೊಂದರಿಂದ ಹದಿಮೂರು ತರಫ್ ತಂತಿಗಳು ಮೀಟದೆಯೇ ಅನುರಣಿಸುತ್ತವೆ. ಇಷ್ಟು ಹೇಳಿದರೆ ಎರಡು ತಂತಿ ಹೆಚ್ಚಿಗೆ ಕಟ್ಟಿದಂತೆ ತೋರಬಹುದು, ಆದರೆ ಕೆಲಸ ಅಷ್ಟು ಸರಳವಲ್ಲ. ಒಂದೇ ಉದ್ದ, ಒಂದೇ ಬಿಗಿತ, ಒಂದೇ ಲೋಹವಿದ್ದಾಗ ಒಂದು ಸಪ್ತಕ ಕೆಳಗಿಳಿಯಲು ತಂತಿಯ ದಪ್ಪ ಇಮ್ಮಡಿಯಾಗಬೇಕು; ಬಿಗಿತವನ್ನು ಸಡಿಲಿಸಿ ಕೆಳಗಿಳಿಸಿದರೆ ತಂತಿ ಜೋಲು ಬಿದ್ದು ಪರದೆಗೆ ಬಡಿಯುತ್ತದೆ. ಆದ್ದರಿಂದ ಖರಜಿಗೆ ಹಿತ್ತಾಳೆ ಇಲ್ಲವೆ ಕಂಚಿನ ದಪ್ಪ ತಂತಿ ಬೇಕು, ಅದರ ಬಿಗಿತವನ್ನು ತಡೆಯುವ ತಬಲಿ ಬೇಕು, ಅಷ್ಟು ದಪ್ಪದ ತಂತಿ ಅಗಲವಾಗಿ ಹೊಯ್ದಾಡುವಾಗ ಪಕ್ಕದ ತಂತಿಗೆ ತಾಗದಂತೆ ಕುದುರೆಯಲ್ಲಿ ಅಂತರ ಬೇಕು, ಅದಕ್ಕೆ ಪ್ರತ್ಯೇಕ ಜವಾರಿ ಬೇಕು. ವಾದಕರ ಬೇಡಿಕೆ ಒಂದು ಸ್ವರದ್ದಾದರೂ ಕುಶಲಿಯ ಕೈಯಲ್ಲಿ ಅದು ಇಡೀ ವಾದ್ಯದ ಮರುಲೆಕ್ಕಾಚಾರವಾಗುತ್ತದೆ.

ಈ ಬದಲಾವಣೆ ಒಂದೇ ಊರಿನಲ್ಲಿ ಒಬ್ಬರಿಂದ ಆಯಿತೆಂದು ಸಾಧಿಸುವ ಹಟ ಬೇಕಾಗಿಲ್ಲ. ವಾದ್ಯಗಳ ಚರಿತ್ರೆಯಲ್ಲಿ ಮೊದಲಿಗರ ಪಟ್ಟ ಯಾವಾಗಲೂ ಅನುಮಾನದ್ದೇ; ಸಿತಾರವನ್ನು ಅಮೀರ್ ಖುಸ್ರೋ ಕಂಡುಹಿಡಿದನೆಂಬ ಮಾತನ್ನು ಶಾಲೆಯ ಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದರೂ, ಆತನ ಕಾಲಕ್ಕೂ ಹದಿನೆಂಟನೆಯ ಶತಮಾನದ ದಿಲ್ಲಿಯಲ್ಲಿ ಕಾಣಿಸಿಕೊಂಡ ಸಿತಾರಕ್ಕೂ ನಡುವೆ ನಾಲ್ಕು ಶತಮಾನಗಳ ಅಂತರವಿದೆ. ಬಂಗಾಳದ ಕಡೆಯಲ್ಲೂ ಇದೇ ದಿಕ್ಕಿನ ಪ್ರಯತ್ನಗಳು ನಡೆದು, ರವಿಶಂಕರರ ಕೈಯಲ್ಲಿ ಖರಜ್-ಪಂಚಮ ಸಿತಾರ ಜಗತ್ತಿಗೆಲ್ಲ ಪರಿಚಿತವಾಯಿತು. ವಿಲಾಯತ್ ಖಾನರು (1928–2004) ಇದಕ್ಕೆ ನೇರ ವಿರುದ್ಧ ದಾರಿ ಹಿಡಿದು, ದಪ್ಪ ತಂತಿಗಳನ್ನು ಕಿತ್ತು, ಗಾಂಧಾರಕ್ಕೆ ಶ್ರುತಿ ಮಾಡಿದ ತಂತಿಯನ್ನು ತಂದು, ಬಾಜ್ ತಂತಿಯೊಂದರಲ್ಲೇ ಗಾಯಕರ ಗಮಕವನ್ನೆಲ್ಲ ಹಿಡಿಯಲು ಹೊರಟರು. ಎರಡರಲ್ಲಿ ಯಾವುದು ಸರಿ ಎಂಬ ಜಗಳ ಇನ್ನೂ ನಿಂತಿಲ್ಲ. ಬೀನಿನಿಂದ ಬಂದವರು ತಂತಿ ಹೆಚ್ಚಿಸಿದರು, ಗಾಯನದತ್ತ ಹೊರಟವರು ಕಡಿಮೆ ಮಾಡಿದರು, ಇಬ್ಬರೂ ವಾದ್ಯವನ್ನು ಸಿಕ್ಕ ಹಾಗೆ ಒಪ್ಪಿಕೊಳ್ಳಲಿಲ್ಲ. ರಹಿಮತ್ ಖಾನರ ಮನೆತನದಲ್ಲಿ ಮಗ ಅಬ್ದುಲ್ ಕರೀಂ ಖಾನರೂ (ಮಿರಜದಲ್ಲಿ ನೆಲೆಸಿದ್ದ ಗಾಯಕರಿಗೂ ಇವರಿಗೂ ಇದ್ದುದು ಹೆಸರಿನ ಹೋಲಿಕೆ ಮಾತ್ರ), ಮೊಮ್ಮಕ್ಕಳಲ್ಲಿ ಉಸ್ಮಾನ್ ಖಾನ್, ಬಾಲೇಖಾನ್ (1942–2007), ಹಮೀದ್ ಖಾನ್, ಛೋಟೆ ರಹಿಮತ್ ಖಾನ್ ಮೊದಲಾದವರೂ ಸಿತಾರವನ್ನೇ ಹಿಡಿದು, ಧಾರವಾಡದ ಬಾಜನ್ನು, ಅಂದರೆ ನುಡಿಸುವ ಶೈಲಿಯನ್ನು, ಪುಣೆ, ಗೋವೆಗಳವರೆಗೂ ಒಯ್ದರು.

ಧಾರವಾಡದಲ್ಲಿ 1950ರ ಜನವರಿ 8ರಂದು ಆಕಾಶವಾಣಿ ಕೇಂದ್ರ ಆರಂಭವಾದಾಗ ವಾದ್ಯದ ಪರೀಕ್ಷೆಗೆ ಹೊಸದೊಂದು ಕಿವಿ ಸೇರಿತು. ಬಯಲಿನಲ್ಲಿ, ಮಠದ ಅಂಗಳದಲ್ಲಿ ಹೇಗೋ ನಡೆದುಹೋಗುತ್ತಿದ್ದ ಸಡಿಲ ಬಿರಡೆ, ಒಡೆದ ಜವಾರಿ, ಪರದೆಯ ಕಿರುಗುಟ್ಟು ಎಲ್ಲವನ್ನೂ ಮೈಕು ಎತ್ತಿ ತೋರಿಸುವುದರಿಂದ ಸ್ಟುಡಿಯೋದಲ್ಲಿ ಅವು ಮರೆಯಾಗುವಂತಿರಲಿಲ್ಲ. ಮುಂದೆ 1979ರಲ್ಲಿ ಬೆಂಗಳೂರಿನ ಇಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ಮುಂದಿಟ್ಟ ಮೇಲೆ, ಮಿರಜಕ್ಕೆ ಹೋಗಲಾರದ, ತಂಬೂರಿ ಮೀಟಲು ಶಿಷ್ಯರಿಲ್ಲದ ಮನೆಗಳಿಗೆ ಅಂಗೈಯಗಲದ ಪೆಟ್ಟಿಗೆಯ ಅನುಕೂಲ ದೊರೆಯಿತು. ಆ ಪೆಟ್ಟಿಗೆಗೆ ಶ್ರುತಿಯ ಗುಂಡಿ ಇದೆ, ಕೆತ್ತಬೇಕಾದ ಕುದುರೆ ಇಲ್ಲ. ಕಲಿಯುವವರು ತಂಬೂರಿಯನ್ನು ಶ್ರುತಿ ಮಾಡುತ್ತ ಕಿವಿ ಪಳಗಿಸಿಕೊಳ್ಳುತ್ತಿದ್ದ ಪಾಠ ಅದರೊಂದಿಗೇ ತಪ್ಪಿಹೋಯಿತೆಂದು ಹಿರಿಯರು ಗೊಣಗುವುದರಲ್ಲಿ ಹುರುಳಿದೆ.

ವಿದ್ಯುತ್ತಿನ ಗಿಟಾರು ಈ ಚರಿತ್ರೆಗೆ ಹೊರಗಿನದೆಂದು ತೋರಿದರೂ ಒಂದು ಕಡೆ ನೇರವಾಗಿ ಬಂದು ಕೂಡುತ್ತದೆ. ಅಮೆರಿಕದಲ್ಲಿ 1930ರ ದಶಕದ ಮೊದಲ ವರ್ಷಗಳಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರುಕಟ್ಟೆಗೆ ತಂದ, ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರಿನಿಂದ ಮೊದಲಾಗಿ, 1954ರ ಫೆಂಡರ್ ಸ್ಟ್ರಾಟೋಕಾಸ್ಟರ್‌ವರೆಗೆ ಎಲ್ಲಕ್ಕೂ ಆಧಾರ ಪಿಕಪ್ ಎಂಬ ಭಾಗ. ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ ಅದು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಹಿತ್ತಾಳೆ, ಕಂಚುಗಳು ಕಾಂತಕ್ಕೆ ಓಗೊಡದ ಲೋಹಗಳಾದ್ದರಿಂದ ಸಿತಾರದ ಖರಜಿಗೆ ಇಂಥ ಪಿಕಪ್ ಒದಗುವುದಿಲ್ಲ. ಅದಕ್ಕೆ ತಬಲಿಗೆ ಅಂಟಿಸಿ ಹಲಗೆಯ ನಡುಕವನ್ನು ಹಿಡಿಯುವ ಬೇರೆ ಬಗೆಯದು ಬೇಕು. 1965ರಲ್ಲಿ ಬೀಟಲ್ಸ್ ತಮ್ಮ ಹಾಡೊಂದರಲ್ಲಿ ಸಿತಾರವನ್ನು ಬಳಸಿದ ಮೇಲೆ ಹುಟ್ಟಿದ ಬೇಡಿಕೆಗೆ ಉತ್ತರವಾಗಿ, 1967ರಲ್ಲಿ ವಿನ್ಸೆಂಟ್ ಬೆಲ್ ಎಂಬ ಗಿಟಾರುವಾದಕನ ವಿನ್ಯಾಸದಂತೆ ಕೋರಲ್ ಹೆಸರಿನ ಎಲೆಕ್ಟ್ರಿಕ್ ಸಿತಾರ ಹೊರಬಂತು. ಗಿಟಾರಿನ ಮೈಯುಳ್ಳ ಆ ವಾದ್ಯದಲ್ಲಿ ಸಿತಾರದ ದನಿ ಬರಿಸಲು ಆತ ಮುಖ್ಯವಾಗಿ ಬದಲಿಸಿದ್ದು ಕುದುರೆಯನ್ನು: ಚೂಪು ಅಂಚಿನ ಬದಲು ಅಗಲವಾದ, ಕೊಂಚ ಇಳಿಜಾರಾದ ಪಟ್ಟಿ, ಅಂದರೆ ಜವಾರಿ.

ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿ ಈಗ ಕೊಳ್ಳುವ ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರು ಬಹುಪಾಲು ಚೀನಾ ಇಲ್ಲವೆ ಇಂಡೋನೇಷ್ಯಾದ ಕಾರ್ಖಾನೆಯದು. ಫೆಂಡರ್ ತನ್ನ ಅಗ್ಗದ ಮಾದರಿಗಳನ್ನು ಸ್ಕ್ವಾಯರ್ ಎಂಬ ಹೆಸರಿನಲ್ಲಿ 1982ರಿಂದ ಹೊರತಂದ ಮೇಲೆ ಈ ದರ್ಜೆಯ ವಾದ್ಯಗಳ ಗುಣಮಟ್ಟ ಬಹಳ ಸುಧಾರಿಸಿದ್ದು, ಯಂತ್ರ ಕೊಯ್ದ ಮರದಲ್ಲಿ ದೊಡ್ಡ ದೋಷ ಉಳಿಯುವುದು ಅಪರೂಪ. ಆದರೆ ಅಂಗಡಿಯಿಂದ ಬಂದ ತಂಬೂರಿಯಂತೆ ಇದೂ ಅರ್ಧ ಸಿದ್ಧವಾದದ್ದೇ: ಕಾರ್ಖಾನೆ ಕೈಬಿಡುವುದು ಕೊನೆಯ ಗಳಿಗೆಯ ಕೈಕೆಲಸವನ್ನು. ತಂತಿ ಹಾಯುವ ನಟ್ಟಿನ ಕಚ್ಚುಗಳು ಎತ್ತರವಾಗಿರುತ್ತವೆ, ಫ್ರೆಟ್ಟುಗಳ ತುದಿ ಬೆರಳಿಗೆ ಚುಚ್ಚುತ್ತದೆ, ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ನಮ್ಮ ಹವೆಗೆ ತಕ್ಕಂತೆ ಬಿಗಿದಿರುವುದಿಲ್ಲ, ಕುದುರೆಯ ಮೇಲಿನ ಆನಿಕೆಗಳು ಹಿಂದೆಮುಂದಾಗಿ ಮೇಲಿನ ಸ್ವರಗಳು ಅಪಶ್ರುತಿಯಾಗುತ್ತವೆ. ಸಿತಾರದಲ್ಲಿ ಸರಿಪಡಿಸಲಾಗದ ಬಾಗು ಗಿಟಾರಿನಲ್ಲಿ ಒಂದು ಚಾವಿ ತಿರುಗಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ ಎಂಬುದಷ್ಟೇ ಇಲ್ಲಿನ ಅನುಕೂಲ. ಆದರೂ ಹೊಸಬರ ಕಣ್ಣು ಮೊದಲು ಹೋಗುವುದು ಹೆಸರಾಂತ ಪಿಕಪ್ಪಿನ ಕಡೆಗೆ, ಅದರ ಬೆಲೆ ಕೆಲವೊಮ್ಮೆ ಗಿಟಾರಿನ ಅರ್ಧದಷ್ಟಾದರೂ. ಪಿಕಪ್ ಹಿಡಿಯುವುದು ತಂತಿಯ ಕಂಪನವನ್ನು. ನಟ್ಟಿನಲ್ಲಿ ಸಿಕ್ಕಿಕೊಂಡ ತಂತಿ, ಜಾರುವ ಬಿರಡೆ, ಸವೆದ ಫ್ರೆಟ್ಟು ಇವುಗಳ ದೋಷವನ್ನೂ ಅದು ಅಷ್ಟೇ ನಿಷ್ಠೆಯಿಂದ ಹಿಗ್ಗಿಸಿ ಕೇಳಿಸುತ್ತದೆ. ಹೊಸ ತಂತಿ, ನಟ್ಟಿಗೆ ಅರ, ಫ್ರೆಟ್ಟಿನ ಸಮ, ಕುದುರೆಯ ಹೊಂದಿಕೆ, ಬೇಕೆನಿಸಿದರೆ ಗಟ್ಟಿ ಬಿರಡೆ, ಇಷ್ಟಾದ ಮೇಲೂ ದನಿ ಒಪ್ಪದಿದ್ದರೆ ಮಾತ್ರ ಪಿಕಪ್ ಬದಲಿಸುವ ಖರ್ಚಿಗೆ ಅರ್ಥವಿರುತ್ತದೆ.